ನಾಲ್ಕನೇ ಗೌಡಿ ಬೀಳಲಿಲ್ಲ!

ಹಳೆಯ ಬೇಸ್‌ಬಾಲ್ ಪಂದ್ಯವೊಂದರ ಒಂದು ಕ್ಷಣವನ್ನು ಪುಟ್ಟ ಗೊಂಬೆಗಳಲ್ಲಿ ಮಾಡುತ್ತಿದ್ದೇನೆ. ಅದರಲ್ಲಿ ಅಡ್ಡ ಹಾರುವ ಆಟಗಾರನೇ ಗೌಡಿ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಅವನನ್ನು ಹಿಡಿದಿದ್ದ ಕ್ಲಾಂಪ್ ತೆಗೆದೆ. ಬೀಳಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಹೋಗಿ ನೋಡಿದೆ. ಹಾಗೇ ಇದ್ದಾನೆ! ಹಿಂದಿನ ಮೂವರು ಗೌಡಿಗಳು ಮೊಣಕಾಲು ಮುರಿದುಕೊಂಡು ಡಬ್ಬಿ ಸೇರಿದ್ದಾರೆ.

ಪಂದ್ಯ ಯಾವುದು ಅಂತೀರಾ? 1920ರ ಮೇ 1, ಬಾಸ್ಟನ್‌ನ ಬ್ರೇವ್ಸ್ ಫೀಲ್ಡ್. ಬ್ರೂಕ್ಲಿನ್ ರಾಬಿನ್ಸ್ ಮತ್ತು ಬಾಸ್ಟನ್ ಬ್ರೇವ್ಸ್ 26 ಇನ್ನಿಂಗ್ಸ್ ಆಡಿ, ಕತ್ತಲಾಗಿ, 1-1ಕ್ಕೆ ನಿಲ್ಲಿಸಿದರು. ಬ್ರೂಕ್ಲಿನ್‌ಗೆ ಕ್ಯಾಡೋರ್, ಬಾಸ್ಟನ್‌ಗೆ ಎಶ್‌ಗರ್, ಇಬ್ಬರೇ ಪಿಚರ್‌ಗಳು (ಬ್ಯಾಟರ್‌ಗೆ ಚೆಂಡು ಎಸೆಯುವವರು), ಮೊದಲಿಂದ ಕೊನೆತನಕ. ಅದೂ ಬರೀ 3 ಗಂಟೆ 50 ನಿಮಿಷದಲ್ಲಿ.

ನನಗೆ ಬೇಕಿದ್ದದ್ದು 17ನೇ ಇನ್ನಿಂಗ್ಸ್. ಬ್ರೂಕ್ಲಿನ್ ಬ್ಯಾಟಿಂಗ್. ಒಬ್ಬ ಔಟ್, ಮೂರೂ ಬೇಸ್‌ಗಳಲ್ಲಿ ಓಟಗಾರರು. ಎಲಿಯಟ್ ಹೊಡೆದ ಚೆಂಡು ಎಶ್‌ಗರ್ ಕೈಗೆ. ಅವನು ಹೋಮ್‌ಗೆ, ಅಂದರೆ ಓಟ ಮುಗಿಸುವ ಪ್ಲೇಟಿಗೆ ಎಸೆದ, ಥರ್ಡ್‌ನಿಂದ ಓಡಿಬಂದ ವೀಟ್ ಔಟ್. ಪ್ಲೇಟ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಹ್ಯಾಂಕ್ ಗೌಡಿ ಫಸ್ಟ್ ಬೇಸ್‌ಗೆ ಎಸೆದ. ಅಲ್ಲಿ ಹೋಲ್ಕಿ ತಡವರಿಸಿದ. ಅಷ್ಟರಲ್ಲಿ ಸೆಕೆಂಡ್‌ನಲ್ಲಿದ್ದ ಕೊನೆಚಿ ಥರ್ಡ್ ದಾಟಿ ನುಗ್ಗಿದ. ಹೋಲ್ಕಿ ವಾಪಸ್ ಎಸೆದ ಚೆಂಡು ಹಿಡಿದು ಗೌಡಿ ಪ್ಲೇಟ್ ಮೇಲೆ ಅಡ್ಡ ಹಾರಿ ಕೊನೆಚಿಯನ್ನು ಮುಟ್ಟಿ ಔಟ್ ಮಾಡಿದ. ಸ್ಕೋರ್‌ಶೀಟ್‌ನಲ್ಲಿ ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸ್‌ನವನು 3. ಹಾಗಾಗಿ ಇದು 1-2-3-2, ನಾಲ್ಕೇ ಅಂಕಿ. ಓದಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ತೊಂದರೆ ಏನಂದ್ರೆ, ಹಾರುವ ಕ್ಯಾಚರ್ ಯಾವ ಗೊಂಬೆ ಕಿಟ್‌ನಲ್ಲೂ ಇಲ್ಲ. ಎಲ್ಲರೂ ಕುಕ್ಕರಗಾಲಲ್ಲೇ ಕೂತಿರುತ್ತಾರೆ. ಸೊಂಟ, ಮೊಣಕಾಲು ಕತ್ತರಿಸಿ ಎಪಾಕ್ಸಿ ಪುಟ್ಟಿ ತುಂಬಿದೆ. ಎಡ ಮೊಣಕಾಲಿಗೆ ಹಿತ್ತಾಳೆ ತಂತಿ ಚುಚ್ಚಿ ನೆಲಕ್ಕೆ ಕೂರಿಸಿದೆ. ಮೈಭಾರವೆಲ್ಲ ಮುಂದಕ್ಕೆ ಅಲ್ವಾ, ಎರಡೇ ದಿನಕ್ಕೆ ಬಗ್ಗಿ ಮೂಗು ಪ್ಲೇಟಿಗೆ ತಾಗಿತು. ದಪ್ಪ ತಂತಿ ಹಾಕಿದೆ, ಮೊಣಕಾಲೇ ಸೀಳಿತು. ಕೊನೆಗೆ ಎದೆಯ ಕೆಳಗೆ ಹತ್ತಿಯಿಂದ ಧೂಳಿನ ಮೋಡ ಮಾಡಿ ಆಸರೆ ಕೊಟ್ಟೆ. ಆಗ ನೆನಪಾಯಿತು, ಅವತ್ತು ಜಿನುಗು ಮಳೆಯ ದಿನ. ಧೂಳೆಲ್ಲಿಂದ ಬರಬೇಕು? ಕಿತ್ತು ಬಿಸಾಕಿದೆ.

ಉತ್ತರ ಕೊನೆಚಿಯ ಕಾಲಲ್ಲಿತ್ತು. ಇಬ್ಬರೂ ಒಬ್ಬರಿಗೊಬ್ಬರು ತಾಗಿರುವ ಜಾಗ ಅದೊಂದೇ. ಗೌಡಿಯ ಮಣಿಕಟ್ಟಿನಿಂದ 0.8 ಮಿ.ಮೀ. ತಂತಿ ತೂರಿಸಿ ಕೊನೆಚಿಯ ಮೊಣಕಾಲ ಕೆಳಗೆ ಇಳಿಸಿದೆ. ಜಾರುತ್ತಿರುವವನು ಹೇಗೂ ನೆಲಕ್ಕೆ ಭದ್ರವಾಗಿ ಅಂಟಿದ್ದಾನೆ. ಈಗ ಅವನೇ ಇವನನ್ನು ಹೊತ್ತಿದ್ದಾನೆ. ಔಟ್ ಮಾಡಿದವನಿಗೆ ಔಟ್ ಆದವನೇ ಆಸರೆ!

ಇನ್ನು ಅಂಗಡಿಯವರ ಕತೆ. 54 ಮಿ.ಮೀ. ಎತ್ತರದ ಗೊಂಬೆ ಬೇಕು ಅಂತ ಎರಡು ಸಲ ಹೇಳಿದರೂ ಎರಡು ಸಲವೂ 28 ಮಿ.ಮೀ. ಬಂತು. ಮೂರನೇ ಸಲ ಅಳತೆ ಸರಿ, ಆದರೆ ಓಟಗಾರನ ತಲೆಗೆ ಹೆಲ್ಮೆಟ್, ಬೆನ್ನಿಗೆ ನಂಬರ್. 1920ರಲ್ಲಿ ಅವೆರಡೂ ಎಲ್ಲಿದ್ದವು? ಒಂದು ಇಡೀ ಭಾನುವಾರ ಉಜ್ಜಿ ಹೆಲ್ಮೆಟ್ಟನ್ನು ಟೋಪಿ ಮಾಡಿದೆ.

ಉಜ್ಜುತ್ತಾ ಕೂತಾಗಲೇ ಮುಂದೆ ಯಾವ ಪಂದ್ಯ ಮಾಡಬೇಕು ಅನ್ನುವುದೂ ಹೊಳೆಯಿತು. 1981ರ ಪಾಟಕೆಟ್–ರಾಚೆಸ್ಟರ್ ಪಂದ್ಯ, 33 ಇನ್ನಿಂಗ್ಸ್. ಬೆಳಗಿನ ಜಾವ ನಾಲ್ಕು ದಾಟುವತನಕ ಆಡಿದರು. ಚಳಿಗೆ ಮುರಿದ ಬ್ಯಾಟುಗಳನ್ನು ಡ್ರಮ್ಮಿಗೆ ಹಾಕಿ ಉರಿಸಿದರು. ಕೊನೆಗೆ ಉಳಿದ ಪ್ರೇಕ್ಷಕರು 19 ಜನ. ಡ್ರಮ್ಮಿನೊಳಗೆ ಮಿನುಗುವ ಹಳದಿ ಎಲ್‌ಇಡಿ ಇಟ್ಟರೆ ಹೇಗಿರುತ್ತೆ, ಯೋಚಿಸಿ! ಸಣ್ಣ ಸರ್ಕ್ಯೂಟ್ ಮಾಡಿದವರಿದ್ದರೆ ಹೇಳಿ.

ಇವತ್ತು ರಾತ್ರಿ ಪ್ಲೇಟಿನ ಸುತ್ತ ಕೆಸರು ಹಚ್ಚಬೇಕು. ಅಂಪೈರ್ ಮೆಕಾರ್ಮಿಕ್‌ನ ಎತ್ತಿದ ಬಲಗೈ ಕಿಟಕಿ ಪಕ್ಕ ಇನ್ನೂ ಒಣಗುತ್ತಿದೆ.