ಕೊನೆಯ ಬೈಕ್ ಬರುವವರೆಗೂ

ನಮ್ಮ ಗುಂಪಿನಲ್ಲಿ ನಾನು ಯಾವಾಗಲೂ ಕೊನೆಯಲ್ಲಿ ಹೋಗುತ್ತೇನೆ. ಏಳು ಬೈಕ್ ಇದ್ದರೆ ಏಳನೆಯದು ನನ್ನದು. ಮುಂದಿನ ಆರು ಗಾಡಿಗಳ ಧೂಳು, ಕೆಸರು ಎಲ್ಲ ನನ್ನ ಹೆಲ್ಮೆಟ್ ಮೇಲೆ. ಯಾರಾದರೂ ಬಿದ್ದರೆ ಎತ್ತಬೇಕು, ಪಂಕ್ಚರ್ ಆದರೆ ನಿಲ್ಲಬೇಕು, ಎಷ್ಟೇ ನಿಧಾನ ಆದರೂ ಯಾರನ್ನೂ ದಾಟಿ ಮುಂದೆ ಹೋಗಬಾರದು. ಮಣ್ಣಿನ ದಾರಿಯಲ್ಲಿ ಡರ್ಟ್ ಬೈಕ್ ಓಡಿಸುವವರು ಇದಕ್ಕೆ ಸ್ವೀಪ್ ಅನ್ನುತ್ತಾರೆ, ನಾವು ಸುಮ್ನೆ ‘ಬಾಲ’ ಅನ್ನುತ್ತೇವೆ. ಇದು ನಾನೇ ಕೇಳಿ ತೆಗೆದುಕೊಂಡ ಜಾಗ. ಯಾಕೆ ಅಂತ ಹೇಳಬೇಕಾದರೆ 2019ಕ್ಕೆ ಹೋಗಬೇಕು.

ಆಗ ನನ್ನ ಹತ್ತಿರ ಹೀರೋ ಇಂಪಲ್ಸ್ ಇತ್ತು, ಸೆಕೆಂಡ್ ಹ್ಯಾಂಡ್. 2011ರಲ್ಲಿ ಬಂದ 150 ಸಿಸಿ ಗಾಡಿ. ಶಕ್ತಿ ಕಡಿಮೆ, ಆದರೆ ಹಗುರ, ಎತ್ತರ. ಕಲ್ಲು ಗುಂಡಿ ಅಂತ ನೋಡದೆ ನುಗ್ಗುತ್ತಿತ್ತು. ಅದರ ಮೇಲೆ ಕೂತರೆ ಡಾಂಬರು ಮುಗಿದ ಜಾಗದಲ್ಲೇ ನಿಜವಾದ ದಾರಿ ಶುರು ಅಂತ ಅನ್ನಿಸುತ್ತಿತ್ತು. ಒಬ್ಬನೇ ಕಾಡಂಚಿನ ದಾರಿಗೆ ಹೋಗಬಾರದು ಅಂತ ಮನೆಯಲ್ಲಿ ಹೇಳಿದ್ದರಿಂದ ಒಂದು ಗುಂಪು ಸೇರಿಕೊಂಡೆ. ಹೆಸರು ಬೇಡ. ಹದಿನಾಲ್ಕು ಬೈಕ್, ಸಕಲೇಶಪುರದ ಆಚೆ, ಮಳೆ ಮುಗಿದ ಹೊಸತು.

ಮೊದಲ ಒಂದು ಗಂಟೆ ಚೆನ್ನಾಗಿತ್ತು. ಆಮೇಲೆ ಮುಂದಿನವರ ವೇಗ ಏರಿತು, ಹಿಂದಿನವರು ಅವರನ್ನು ಹಿಡಿಯೋಕೆ ಹೋದರು, ನಾನು ಒಂದು ಇಳಿಜಾರಿನ ಕೊರಕಲಿಗೆ ಮುಂದಿನ ಚಕ್ರ ಇಳಿಸಿ ಬಿದ್ದೆ. ಗಾಡಿ ಎತ್ತಿ, ಬಗ್ಗಿದ ಕ್ಲಚ್ ಲಿವರ್ ನೆಟ್ಟಗೆ ಮಾಡಿ, ಸ್ಟಾರ್ಟ್ ಮಾಡಿ ಮುಂದೆ ಬಂದರೆ ಮೂರು ಕವಲು. ಮೂರರಲ್ಲೂ ಟೈರಿನ ಗುರುತು ಇತ್ತು. ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಎಂಜಿನ್ ಆಫ್ ಮಾಡಿ ಕಿವಿ ಕೊಟ್ಟೆ. ದೂರದಲ್ಲಿ ಸಣ್ಣಗೆ ಶಬ್ದ ಕೇಳಿಸಿತು, ಆದರೆ ಆ ಗುಡ್ಡಗಳ ನಡುವೆ ಶಬ್ದ ಯಾವ ಕಡೆಯಿಂದ ಬರುತ್ತಿದೆ ಅಂತ ಗೊತ್ತಾಗುವುದಿಲ್ಲ. ಎಡಕ್ಕೆ ಹೋದೆ, ತಪ್ಪು. ವಾಪಸ್ ಬಂದು ಬಲಕ್ಕೆ ಹೋದೆ, ಅದು ಒಂದು ಹಳ್ಳದಲ್ಲಿ ಮುಗಿಯಿತು. ಅಷ್ಟು ಹೊತ್ತಿಗೆ ಐದೂವರೆ. ಕಾಫಿ ತೋಟದ ನೆರಳಿನಲ್ಲಿ ಕತ್ತಲೆ ಬೇಗ ಇಳಿಯುತ್ತದೆ.

ತಲೆ ಮೇಲೆ ಸೌದೆ ಹೊರೆ ಹೊತ್ತುಕೊಂಡು ಬರುತ್ತಿದ್ದ ಒಬ್ಬ ಅಮ್ಮ ನನ್ನನ್ನು ನೋಡಿ ನಿಂತರು. ‘ಯಾರು ಮಾರಾಯ್ರೇ ನೀವು, ಈ ಹೊತ್ತಲ್ಲಿ ಇಲ್ಲಿ? ಮೂರು ದಿನದಿಂದ ಆನೆಗಳು ಈ ಕಡೆಯೇ ಇದಾವೆ’ ಅಂದರು. ಹೊರೆ ಇಳಿಸದೆ ಮುಂದೆ ಮುಂದೆ ನಡೆದು ತೋಟದ ಕೆಲಸಗಾರರ ಸಾಲುಮನೆಯಲ್ಲಿದ್ದ ತಮ್ಮ ಲೈನ್ ಮನೆಗೆ ಕರೆದುಕೊಂಡು ಹೋದರು. ನಾನು ಹಿಂದೆ ಫಸ್ಟ್ ಗೇರಿನಲ್ಲಿ. ಬೆಲ್ಲದ ಕಾಫಿ ಕೊಟ್ಟರು. ಅವರ ಮಗ ತನ್ನ ಹಳೇ ಸ್ಪ್ಲೆಂಡರ್ ತೆಗೆದು ನನ್ನನ್ನು ಟಾರ್ ರೋಡಿನವರೆಗೆ ಬಿಟ್ಟು ಬಂದ. ನಮ್ಮ ಗುಂಪಿನವರು ಟೀ ಅಂಗಡಿಯಲ್ಲಿ ಕೂತಾಗ ಲೋಟ ಎಣಿಸಿ, ಒಂದು ಜಾಸ್ತಿ ಆಯ್ತಲ್ಲ, ಯಾರಿಲ್ಲ ಅಂತ ಕೇಳಿಕೊಂಡರಂತೆ. ಅಲ್ಲಿಯವರೆಗೆ ಯಾರಿಗೂ ಗೊತ್ತೇ ಇರಲಿಲ್ಲ. ನನಗೆ ಕೈ ಮಣಿಕಟ್ಟು ಊದಿತ್ತು, ಅದು ಎರಡು ವಾರಕ್ಕೆ ಸರಿಹೋಯಿತು. ಆ ಲೋಟದ ಮಾತು ಮಾತ್ರ ಇವತ್ತಿಗೂ ನೋಯುತ್ತದೆ.

ಹಾಗಾಗಿ ನಾವು ನಾಲ್ಕು ಜನ ಸೇರಿ ಬೇರೆ ಗುಂಪು ಮಾಡಿದಾಗ ಮೊದಲು ಮಾತಾಡಿದ್ದು ಬೈಕ್ ಬಗ್ಗೆ ಅಲ್ಲ, ಕವಲಿನ ಬಗ್ಗೆ. ನಿಯಮ ಸರಳ. ಮುಂದಾಳು ಕವಲಿಗೆ ಬಂದ ತಕ್ಷಣ ತನ್ನ ಹಿಂದಿನ ಬೈಕಿಗೆ ಕೈ ತೋರಿಸಿ ಆ ದಾರಿ ಹಿಡಿಯುತ್ತಾನೆ. ಆ ಎರಡನೆಯವರು ಅಲ್ಲೇ ನಿಲ್ಲಬೇಕು. ಹಿಂದಿನಿಂದ ಬರುವ ಪ್ರತಿಯೊಬ್ಬರಿಗೂ ದಾರಿ ತೋರಿಸಬೇಕು. ಬಾಲ, ಅಂದರೆ ನಾನು, ಕಣ್ಣಿಗೆ ಬಿದ್ದ ಮೇಲೆ ಮಾತ್ರ ಹೊರಟು ನನ್ನ ಮುಂದೆ ಸೇರಿಕೊಳ್ಳಬೇಕು. ಮುಂದಿನ ಕವಲಿನಲ್ಲಿ ನಿಲ್ಲುವವರು ಇನ್ನೊಬ್ಬರು. ಹೀಗೆ ಸುತ್ತುತ್ತಾ ಎಲ್ಲರೂ ಒಂದು ಸಲ ನಿಲ್ಲುತ್ತಾರೆ, ಎಲ್ಲರೂ ಒಂದು ಸಲ ಮುಂದೆ ಬರುತ್ತಾರೆ. ವೇಗವಾಗಿ ಓಡಿಸುವವರು ವೇಗವಾಗಿ ಓಡಿಸಬಹುದು, ನಿಧಾನದವರಿಗೆ ಹಿಂದೆ ಉಳಿದುಬಿಡ್ತೀನಿ ಅನ್ನೋ ಭಯ ಇಲ್ಲ. ಆ ಭಯ ಇದೆಯಲ್ಲ, ಅದೇ ಜನರನ್ನು ಬೀಳಿಸುತ್ತದೆ. ಕೊರಕಲು ಬೀಳಿಸುವುದು ಆಮೇಲೆ.

ಇದರಲ್ಲಿ ಒಂದೇ ಕಷ್ಟ. ನಿಂತವರು ನಿಂತೇ ಇರಬೇಕು. ಹತ್ತು ನಿಮಿಷ ಆಗಲಿ, ಮುಕ್ಕಾಲು ಗಂಟೆ ಆಗಲಿ. ಯಾಕೋ ಬರಲೇ ಇಲ್ಲ, ಹಿಂದೆ ಹೋಗಿ ನೋಡೋಣ ಅಂತ ಜಾಗ ಬಿಟ್ಟರೆ ಇಡೀ ಸರಪಳಿ ಹರಿದುಹೋಗುತ್ತದೆ.

ಮರಳು, ಕಲ್ಲುಗಳ ನಡುವೆ ದಿನಗಟ್ಟಲೆ ನಡೆಯುವ ಡಕಾರ್ ರ್‍ಯಾಲಿ ನೋಡುವವರಿಗೆ ಪಾವ್ಲೊ ಗೊನ್ಸಾಲ್ವಿಸ್ ಹೆಸರು ಗೊತ್ತಿರುತ್ತದೆ. ಪೋರ್ಚುಗಲ್‌ನವರು. 2016ರ ಡಕಾರ್‌ನಲ್ಲಿ ಅವರು ಮುಂದಿದ್ದರು. ದಾರಿಯಲ್ಲಿ ಇನ್ನೊಬ್ಬ ಸ್ಪರ್ಧಿ ಮಥಿಯಾಸ್ ವಾಕ್ನರ್ ತೊಡೆಯ ಮೂಳೆ ಮುರಿದುಕೊಂಡು ಬಿದ್ದಿದ್ದನ್ನು ನೋಡಿ ಗಾಡಿ ನಿಲ್ಲಿಸಿದರು, ಸಹಾಯ ಬರುವವರೆಗೆ ಪಕ್ಕದಲ್ಲೇ ಇದ್ದರು. ಆಮೇಲೆ ಗೊನ್ಸಾಲ್ವಿಸ್ ಹೀರೋ ಕಂಪನಿಯ ರೇಸ್ ತಂಡಕ್ಕೆ ಬಂದರು. ನಮ್ಮ ಬೆಂಗಳೂರಿನ ಸಿ. ಎಸ್. ಸಂತೋಷ್, 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯ, ಇದ್ದದ್ದೂ ಅದೇ ತಂಡದಲ್ಲಿ. 2020ರ ಜನವರಿಯಲ್ಲಿ ಸೌದಿ ಅರೇಬಿಯಾದ ಮರಳಿನಲ್ಲಿ ಗೊನ್ಸಾಲ್ವಿಸ್ ಬಿದ್ದು ತೀರಿಕೊಂಡರು. ಆ ದಿನ ಅವರನ್ನು ಕಂಡು ಮೊದಲು ಗಾಡಿ ನಿಲ್ಲಿಸಿದವರು ಟೋಬಿ ಪ್ರೈಸ್, ಹಿಂದಿನ ವರ್ಷದ ಚಾಂಪಿಯನ್. ರೇಸ್ ಬದಿಗಿಟ್ಟು ತುಂಬಾ ಹೊತ್ತು ಅಲ್ಲೇ ಉಳಿದರು. ಲೋಕದ ಅತಿ ಕಠಿಣ ರ್‍ಯಾಲಿಯಲ್ಲಿ, ಗೆಲ್ಲಲೆಂದೇ ಬಂದವರು ನಿಲ್ಲುತ್ತಾರೆ. ಭಾನುವಾರ ಖುಷಿಗೆ ಹೋಗುವ ನಾವು ನಿಲ್ಲದಿದ್ದರೆ ಹೇಗೆ?

ಸರಿ, ಈ ಸಲದ ರೈಡ್. ಅಕ್ಟೋಬರ್ ಕೊನೆ. ಮಳೆ ಬಿಟ್ಟಿತ್ತು, ಅರೇಬಿಕಾ ಕಾಫಿಯ ಕೊಯ್ಲು ಇನ್ನೂ ಶುರುವಾಗಿರಲಿಲ್ಲ. ನಮಗೆ ಸಿಗುವುದು ಈ ಸಣ್ಣ ಕಿಂಡಿ ಮಾತ್ರ. ನವೆಂಬರ್ ದಾಟಿದರೆ ತೋಟದ ದಾರಿ ತುಂಬಾ ಹಣ್ಣಿನ ಮೂಟೆ ಹೊತ್ತ ಜನ, ಟ್ರ್ಯಾಕ್ಟರು. ಅವರ ವರ್ಷದ ದುಡಿಮೆಯ ಹೊತ್ತಲ್ಲಿ ನಾವು ಅಲ್ಲಿ ಓಡಾಡುವುದು ಸರಿಯಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಬೆಂಗಳೂರು ಬಿಟ್ಟೆವು, ಸುಮಾರು 220 ಕಿಲೋಮೀಟರ್. ಸಕಲೇಶಪುರದಲ್ಲಿ ಅಕ್ಕಿ ರೊಟ್ಟಿ ತಿಂದು ಹೆತ್ತೂರಿನ ಕಡೆ ತಿರುಗಿ, ಮಣ್ಣಿನ ದಾರಿ ಸಿಕ್ಕ ಕೂಡಲೇ ಟೈರಿನ ಗಾಳಿ ಇಳಿಸಿದೆವು. ನಮ್ಮಲ್ಲಿ ಜಾಸ್ತಿ ಜನರ ಹತ್ತಿರ ಈಗ ಹೀರೋದವರದ್ದೇ ಎಕ್ಸ್‌ಪಲ್ಸ್ ಬೈಕ್ ಇದೆ, ಮುಂದೆ 21 ಇಂಚು, ಹಿಂದೆ 18 ಇಂಚಿನ ಚಕ್ರ, ಎರಡರಲ್ಲೂ ಟ್ಯೂಬ್. ಗಾಳಿ ಕಡಿಮೆ ಮಾಡಿದರೆ ಟೈರು ಚಪ್ಪಟೆಯಾಗಿ ನೆಲ ಕಚ್ಚುತ್ತದೆ, ಬೇರು ಕಲ್ಲಿನ ಮೇಲೆ ಜಾರುವುದು ಕಡಿಮೆ. ತೀರಾ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಎರಡು ತೂತು ಬೀಳುತ್ತದೆ, ಹಾವು ಕಚ್ಚಿದ ಹಾಗೆ. ನಾವು ಗಾಳಿಯ ಒತ್ತಡವನ್ನು 18 ಪಿಎಸ್‌ಐ ಆಸುಪಾಸಿಗೆ ನಿಲ್ಲಿಸುತ್ತೇವೆ. ಬಾಲದ ಚೀಲದಲ್ಲಿ ಟೈರ್ ಲಿವರ್, ಕೈ ಪಂಪು, ಕ್ಲಚ್ ಕೇಬಲ್, ಚೈನ್ ಲಿಂಕ್, ಎಳೆಯುವ ಪಟ್ಟಿ, ಬ್ಯಾಂಡೇಜು ಎಲ್ಲ ಇರುತ್ತದೆ. ಟ್ಯೂಬ್ ಮಾತ್ರ ಒಂದೇ, 21 ಇಂಚಿನದು. ಕಷ್ಟಕ್ಕೆ ಅದನ್ನೇ ಮಡಿಸಿ ಹಿಂದಿನ 18ಕ್ಕೂ ತುರುಕಬಹುದು, ಮನೆ ಮುಟ್ಟಿಸುತ್ತದೆ. ಹಿಂದಿನ ಟ್ಯೂಬ್ ಮುಂದಕ್ಕೆ ಎಳೆದು ಹಾಕಲು ಆಗುವುದಿಲ್ಲ.

ತೋಟದ ಉಣುಗೋಲಿನ, ಅಂದರೆ ಅಡ್ಡಗಳುವಿನ ಗೇಟಿನ, ಹತ್ತಿರ ತೋಟದ ಕೆಲಸ ನೋಡಿಕೊಳ್ಳುವ ರೈಟರು ಕಾಯುತ್ತಿದ್ದರು. ಗುಂಪಿನ ಒಬ್ಬರ ಸೋದರಮಾವನ ತೋಟ, ಅದರಾಚೆ ಇನ್ನೆರಡು ತೋಟದವರ ಒಪ್ಪಿಗೆಯೂ ಮೊದಲೇ ಕೇಳಿದ್ದೆವು. ರೈಟರು ಫೋನ್ ತೆಗೆದು ಊರಿನ ವಾಟ್ಸಾಪ್ ಗುಂಪು ನೋಡಿದರು. ಸಕಲೇಶಪುರ, ಆಲೂರು ಕಡೆ ಆನೆ ಎಲ್ಲಿದೆ ಅನ್ನುವುದು ದಿನದ ಮೊದಲ ಸುದ್ದಿ. ‘ರಾತ್ರಿ ಕೆಳಗಿನ ಗದ್ದೆಗೆ ಬಂದಿದ್ವು, ಈಗ ಆ ಬದಿ ಹೋಗಿದಾವೆ. ನೀವು ಈ ಬದಿಯೇ ಇರಿ, ನಾಲ್ಕು ಗಂಟೆಗೆ ಗೇಟಿನ ಹೊರಗೆ ಇರಬೇಕು’ ಅಂದರು. ನಮ್ಮ ಯೋಜನೆಯಲ್ಲಿದ್ದ ಅರ್ಧ ದಾರಿ ಅಲ್ಲಿಗೆ ಹೋಯಿತು. ಯಾರೂ ಒಂದು ಮಾತು ಆಡಲಿಲ್ಲ. ನನಗೆ ಅದೇ ಖುಷಿ.

ಸಿಲ್ವರ್ ಓಕ್ ಮರಗಳ ನಡುವೆ ಮೆಣಸಿನ ಬಳ್ಳಿ, ಕೆಳಗೆ ಕಾಫಿ, ನಡುವೆ ಒಂದು ಜೀಪಿನ ಅಗಲದ ದಾರಿ. ಮಳೆ ನೀರು ಹರಿದು ಅದರ ಮಧ್ಯೆ ಮೊಣಕಾಲುದ್ದ ಕೊರಕಲು. ಮೇಲೆ ತರಗೆಲೆ ಹಾಸಿರುತ್ತದೆ, ಕೆಳಗೆ ಕಲ್ಲಿದೆಯೋ ಗುಂಡಿಯಿದೆಯೋ ಕಾಣುವುದಿಲ್ಲ. ಇಂಥ ಕಡೆ ಕೂರಬಾರದು, ಫುಟ್‌ಪೆಗ್ ಮೇಲೆ ಎದ್ದು ನಿಲ್ಲಬೇಕು, ಮಂಡಿಯಲ್ಲಿ ಟ್ಯಾಂಕ್ ಒತ್ತಿ ಹಿಡಿದು ಕೈ ಸಡಿಲ ಬಿಡಬೇಕು, ಗಾಡಿ ತನ್ನಷ್ಟಕ್ಕೆ ಅಲ್ಲಾಡಲಿ ಅಂತ. ಕಣ್ಣು ಕೊರಕಲು ನೋಡಿದರೆ ಚಕ್ರ ಕೊರಕಲಿಗೇ ಹೋಗುತ್ತದೆ.

ಈ ಸಲ ಒಬ್ಬಳು ಹೊಸ ಹುಡುಗಿ ಬಂದಿದ್ದಳು. ಮಣ್ಣಿನ ಮೇಲೆ ಅವಳಿಗೆ ಇದೇ ಮೊದಲ ಗುಂಪು ರೈಡ್. ಹಳ್ಳ ದಾಟಿದ ಮೇಲಿನ ಏರಿನಲ್ಲಿ, ಒದ್ದೆ ಕೆಮ್ಮಣ್ಣು, ಅರ್ಧಕ್ಕೆ ಹೋಗಿ ನಿಂತಳು. ಬಿದ್ದಳು. ಎತ್ತಿದೆವು. ಮತ್ತೆ ಬಿದ್ದಳು. 150 ಕೆಜಿ ದಾಟುವ ಗಾಡಿಯನ್ನು ಜಾರುವ ಏರಿನಲ್ಲಿ ಮೂರು ಸಲ ಎತ್ತಿದರೆ ಎಂಥವರಿಗೂ ಉಸಿರು ಹೋಗುತ್ತದೆ. ‘ಅಣ್ಣ, ನೀವು ಓಡಿಸಿ ಮೇಲೆ ಬಿಟ್ಟುಬಿಡಿ, ಎಲ್ಲರೂ ನನ್ನಿಂದ ಕಾಯ್ತಿದ್ದಾರೆ’ ಅಂದಳು, ಕಣ್ಣಲ್ಲಿ ನೀರು. ನಾನು ಎಂಜಿನ್ ಆಫ್ ಮಾಡು ಅಂದೆ. ಕ್ಲಚ್ ಸುಟ್ಟ ವಾಸನೆ ಬರುತ್ತಿತ್ತು, ಅದೂ ಆರಬೇಕಿತ್ತು. ನೀರು ಕುಡಿದು, ಕಾಲಿಗೆ ಹತ್ತಿದ ಇಂಬಳ (ಜಿಗಣೆ) ಕಿತ್ತುಕೊಂಡು ಇಪ್ಪತ್ತು ನಿಮಿಷ ಕೂತೆವು. ಮಲೆನಾಡಿನ ಒಂದು ಹಕ್ಕಿ ಮನುಷ್ಯ ಸಿಳ್ಳೆ ಹೊಡೆದ ಹಾಗೇ ಕೂಗುತ್ತದೆ, ಅದು ಮೇಲೆಲ್ಲೋ ಕೂಗುತ್ತಿತ್ತು. ಆಮೇಲೆ ಇಬ್ಬರೂ ನಡೆದುಕೊಂಡೇ ಏರು ಹತ್ತಿ ದಾರಿ ನೋಡಿದೆವು, ಬಲಗಡೆ ಅಂಚಿನಲ್ಲಿ ಬೇರುಗಳಿದ್ದವು, ಚಕ್ರಕ್ಕೆ ಹಿಡಿತ ಅಲ್ಲೇ ಸಿಗುತ್ತದೆ ಅಂತ ಅವಳೇ ಕಂಡುಹಿಡಿದಳು. ಎರಡನೇ ಗೇರು, ಒಂದೇ ಸಮನೆ ಥ್ರಾಟಲ್. ಹತ್ತಿಬಿಟ್ಟಳು.

ಮೇಲೆ ಕವಲು. ಅಲ್ಲಿ ನಮ್ಮ ಗುಂಪಿನ ಅತಿ ವೇಗದ ಹುಡುಗ ಹೆಲ್ಮೆಟ್ ತೆಗೆದು ಕಲ್ಲಿನ ಮೇಲೆ ಕೂತಿದ್ದ. ನಲವತ್ತು ನಿಮಿಷದಿಂದ. ನಮ್ಮನ್ನು ನೋಡಿ ಎದ್ದು ಎಡಕ್ಕೆ ಕೈ ತೋರಿಸಿದ, ಅಷ್ಟೇ.

ಆ ದಾರಿ ಒಂದು ಕಿಲೋಮೀಟರ್ ಮುಂದೆ ಮೀಸಲು ಅರಣ್ಯದ ಗಡಿ ಮುಟ್ಟುತ್ತದೆ. ಅರಣ್ಯ ಇಲಾಖೆಯ ಬೋರ್ಡು, ಗಡಿಕಲ್ಲು. ಅದರಾಚೆ ಬಿಸಿಲೆ ಕಾಡಿನ ಸಾಲು, ನೋಡಿದಷ್ಟೂ ಹಸಿರು. ನಾವು ಅಲ್ಲೇ ತಿರುಗುತ್ತೇವೆ. ಕಾನೂನು ಇದೆ, 1963ರ ಕರ್ನಾಟಕ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಕಾಯ್ದೆ, ಒಪ್ಪಿಗೆ ಇಲ್ಲದೆ ಒಳಗೆ ಹೋಗುವುದು ಅಪರಾಧ. ಕಾನೂನು ಇಲ್ಲದಿದ್ದರೂ ನಾನು ಹೋಗುತ್ತಿರಲಿಲ್ಲ. ಹುಲ್ಲುಗಾವಲಿನ ಗುಡ್ಡದ ಮೇಲೆ ಹತ್ತು ಬೈಕ್ ಒಂದೇ ಗೆರೆಯಲ್ಲಿ ಹತ್ತಿದರೆ ಹುಲ್ಲಿನ ಬೇರು ಕಿತ್ತು ಬರುತ್ತದೆ, ಮುಂದಿನ ಮಳೆಗೆ ಆ ಗೆರೆಯಲ್ಲೇ ನೀರು ಇಳಿಯುತ್ತದೆ, ವರ್ಷ ಕಳೆದರೆ ಅದು ಕೊರಕಲು. ನಾನು ಕಣ್ಣಾರೆ ನೋಡಿದ್ದೇನೆ. ವಿಡಿಯೋಗೋಸ್ಕರ ಹಾಗೆ ಹತ್ತುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಅವರಿಂದ ಗೇಟುಗಳು ಮುಚ್ಚುತ್ತಿವೆ, ಮುಚ್ಚುವವರ ತಪ್ಪೂ ಅಲ್ಲ. ಸೈಲೆನ್ಸರ್ ಕಿತ್ತು ಶಬ್ದ ಮಾಡುವವರನ್ನು ನಾವು ಕರೆಯುವುದಿಲ್ಲ. ದನ ಬಂದರೆ, ಮಕ್ಕಳು ಬಂದರೆ, ಎಂಜಿನ್ ಆಫ್.

ಗಡಿಕಲ್ಲಿನ ಹತ್ತಿರ ಎಲ್ಲರೂ ಸ್ವಲ್ಪ ಹೊತ್ತು ಮಾತಿಲ್ಲದೆ ಕೂತಿದ್ದೆವು. ಬಿಸಿ ಎಂಜಿನ್ ಆರುವಾಗ ಟಿಕ್ ಟಿಕ್ ಅಂತ ಶಬ್ದ ಮಾಡುತ್ತದಲ್ವಾ, ಏಳು ಎಂಜಿನ್‌ಗಳ ಶಬ್ದ ಒಂದೊಂದಾಗಿ ನಿಂತಿತು. ಆಮೇಲೆ ಕಾಡಿನ ಶಬ್ದ ಮಾತ್ರ.

ವಾಪಸ್ ಬರುವಾಗ ಅದೇ ಹಳೇ ಮೂರು ಕವಲಿನ ಹತ್ತಿರ ಹಾದುಹೋಗುವ ದಾರಿ. ಈಗ ಅಲ್ಲಿ ಒಂದು ಸಿಮೆಂಟ್ ಕಂಬ ಬಂದಿದೆ, ಗುರುತು ಸಿಗುವುದು ಕಷ್ಟ. ಅಲ್ಲಿ ಹೊಸ ಹುಡುಗಿಯ ಸರದಿ. ದಾರಿಗೆ ಅಡ್ಡವಾಗಿ ಗಾಡಿ ನಿಲ್ಲಿಸಿ, ಎರಡೂ ಕಾಲು ಗಟ್ಟಿಯಾಗಿ ಊರಿ, ನಾನು ಕಾಣುವ ಮೊದಲೇ ಕೈ ಚಾಚಿ ನಿಂತಿದ್ದಳು. ಗೇಟು ಮುಟ್ಟಿದಾಗ ಮೂರೂ ಐವತ್ತು. ರೈಟರು ಬೈಕ್ ಎಣಿಸಿಕೊಂಡು ಉಣುಗೋಲು ಹಾಕಿದರು.