ಪವರ್ ಜಾಸ್ತಿ ಮಾಡದೆ ಆಂಪ್ಲಿಫೈಯರ್ ಸ್ಪೀಡ್ ಮಾಡಬಹುದಾ? ಹೌದು, ಮಾಡಬಹುದು

ಉತ್ತರ ಶೀರ್ಷಿಕೆಯಲ್ಲೇ ಇದೆ. ಅಷ್ಟೇ ಬೇಕಿದ್ದವರು ಎದ್ದು ಹೋಗಬಹುದು, ಬೇಜಾರಿಲ್ಲ. ಆದರೆ ಯಾರೂ ಏಳುವುದಿಲ್ಲ. ಹೌದು ಅಂದ ಕೂಡಲೇ "ಹಾಗಾದ್ರೆ ಯಾವ ಐಸಿ ಹಾಕ್ಲಿ ಸರ್?" ಅನ್ನುತ್ತಾರೆ. ಜೊತೆಗೆ ಬ್ರೆಡ್‌ಬೋರ್ಡಿನ ಒಂದು ಮಸುಕು ಫೋಟೋ. ಆ ವೈರುಗಳ ನಡುವೆ ಐಸಿ ಎಲ್ಲಿದೆ ಅಂತ ನಾನೇ ಹುಡುಕಬೇಕು. ಬ್ಯಾಟರಿಯಲ್ಲಿ ನಡೆಯುವ ಅಳತೆ ಸಾಧನಗಳಿಗೆ ಸರ್ಕ್ಯೂಟ್ ಮಾಡುವುದು ನನ್ನ ಹೊಟ್ಟೆಪಾಡು. ಹಾಗಾಗಿ ಈ ಪ್ರಶ್ನೆ ಬೆನ್ನು ಬಿಡುವುದಿಲ್ಲ.

ಸ್ಪೀಡ್ ಬೇಕಿದ್ದರೆ ಕರೆಂಟ್ ಸುರಿಯಲೇಬೇಕು, ಸುರಿಯದೆ ಓಡಿಸುವುದು ಏನೋ ಕಣ್ಕಟ್ಟು ಅಂತ ಎಲ್ಲರೂ ಮೊದಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. 741 ತೆಗೆದುಕೊಳ್ಳಿ. 1968ರಲ್ಲಿ ಫೇರ್‌ಚೈಲ್ಡ್ ಹೊರತಂದ ಆಪ್-ಆಂಪ್ (ಚಿಪ್ ರೂಪದ ಆಂಪ್ಲಿಫೈಯರ್), ಕಾಲೇಜು ಲ್ಯಾಬುಗಳಿಂದ ಇನ್ನೂ ಹೋಗಿಲ್ಲ. ಸುಮ್ನೆ ಕೂತಾಗ ಅದು ಎಳೆಯುವುದು ಸುಮಾರು 1.7 ಮಿಲಿಆಂಪ್. ಒಳಗೆ 30 ಪಿಕೋಫ್ಯಾರಡ್‌ನ ಒಂದು ಕೆಪಾಸಿಟರ್ ಇದೆ, ನೀವು ಹೇಗೆ ಫೀಡ್‌ಬ್ಯಾಕ್ ಕೊಟ್ಟರೂ (ಔಟ್‌ಪುಟ್ಟಿನ ಪಾಲನ್ನು ಇನ್‌ಪುಟ್‌ಗೆ ವಾಪಸ್ ಕೊಟ್ಟರೂ) ಆಸಿಲೇಟ್ ಆಗದಿರಲಿ, ಅಂದರೆ ಔಟ್‌ಪುಟ್ ತಾನಾಗಿ ಮೇಲೆ ಕೆಳಗೆ ಆಡದಿರಲಿ ಅಂತ. ದೊಡ್ಡ ಸಿಗ್ನಲ್ ಬಂದಾಗ ಅದನ್ನು ತುಂಬಲು ಸಿಗುವುದು ಇನ್‌ಪುಟ್ ಹಂತದ ಕರೆಂಟ್ ಮಾತ್ರ, ಸುಮಾರು 15 ಮೈಕ್ರೋಆಂಪ್. ಭಾಗಿಸಿ ನೋಡಿ: ಮೈಕ್ರೋಸೆಕೆಂಡಿಗೆ ಅರ್ಧ ವೋಲ್ಟ್. ಡೇಟಾಶೀಟಿನ ಸ್ಲ್ಯೂ ರೇಟ್, ಅಂದರೆ ಔಟ್‌ಪುಟ್ ಏರಿಳಿಯಬಲ್ಲ ಗರಿಷ್ಠ ವೇಗ, ಅದೇ. 10 ವೋಲ್ಟ್ ಪೀಕಿನ ಸೈನ್ ವೇವ್ 8 ಕಿಲೋಹರ್ಟ್ಸ್ ದಾಟಿದರೆ ತ್ರಿಕೋನವಾಗಲು ಶುರು. ನೀವು ಕೊಟ್ಟ ಕರೆಂಟಿನಲ್ಲಿ ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು ಮಾತ್ರ ವೇಗ ತೀರ್ಮಾನವಾಗುವ ಜಾಗಕ್ಕೆ ಹೋಗಿದೆ. ಹೀಗಿರುವಾಗ ಪವರ್ ಮೇಲೆ ಯಾಕೆ ಗೂಬೆ ಕೂರಿಸುತ್ತೀರಿ?

ಟಿಎಲ್072 ಅನ್ನುವ ಇನ್ನೊಂದು ಆಪ್-ಆಂಪ್ ಐಸಿ ಒಂದು ಆಂಪ್ಲಿಫೈಯರಿಗೆ 1.4 ಮಿಲಿಆಂಪ್ ಎಳೆಯುತ್ತದೆ, 741ಗಿಂತ ಕಡಿಮೆ. ಸ್ಲ್ಯೂ ರೇಟ್ ಮಾತ್ರ ಮೈಕ್ರೋಸೆಕೆಂಡಿಗೆ 13 ವೋಲ್ಟ್. ಇನ್‌ಪುಟ್‌ನಲ್ಲಿ ಜೆಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಇರುವುದರಿಂದ ಅಷ್ಟೇ ಕರೆಂಟಿಗೆ ಟ್ರಾನ್ಸ್‌ಕಂಡಕ್ಟೆನ್ಸ್ (ಇನ್‌ಪುಟ್ ವೋಲ್ಟೇಜ್ ಬದಲಾದಾಗ ಕರೆಂಟ್ ಎಷ್ಟು ಬದಲಾಗುತ್ತದೆ ಅನ್ನುವುದು) ಕಡಿಮೆ, ಆದ್ದರಿಂದ ಚಿಕ್ಕ ಕೆಪಾಸಿಟರ್ ಇಟ್ಟರೂ ಸ್ಥಿರವಾಗಿರುತ್ತದೆ. ಇನ್ನೂ ಚೆನ್ನಾದ ಉದಾಹರಣೆ ಒಪಿ27 ಮತ್ತು ಒಪಿ37 ಅನ್ನುವ ಆಪ್-ಆಂಪ್‌ಗಳು. ಎರಡೂ ಒಂದೇ ವಿನ್ಯಾಸ, ಎಳೆಯುವ ಕರೆಂಟೂ ಒಂದೇ. ಮೊದಲನೆಯದಕ್ಕೆ ಗೇನ್-ಬ್ಯಾಂಡ್‌ವಿಡ್ತ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಅನ್ನುವ ಗೇನ್ ಮತ್ತು ಅದು ಸಿಗುವ ಫ್ರೀಕ್ವೆನ್ಸಿಯ ಗುಣಲಬ್ಧ) 8 ಮೆಗಾಹರ್ಟ್ಸ್, ಸ್ಲ್ಯೂ ರೇಟ್ ಮೈಕ್ರೋಸೆಕೆಂಡಿಗೆ 2.8 ವೋಲ್ಟ್; ಎರಡನೆಯದಕ್ಕೆ 63 ಮೆಗಾಹರ್ಟ್ಸ್ ಮತ್ತು 17 ವೋಲ್ಟ್. ಆಸಿಲೇಶನ್ ತಡೆಯುವ ಒಳಗಿನ ಕಾಂಪೆನ್ಸೇಶನ್ ಕಡಿಮೆ ಮಾಡಿದ್ದಾರೆ, ಅಷ್ಟೇ. ಗೇನ್ 5ಕ್ಕಿಂತ ಕಡಿಮೆ ಇಟ್ಟರೆ ಒಪಿ37 ಆಸಿಲೇಟ್ ಆಗುತ್ತದೆ. ನಿಮ್ಮ ಗೇನ್ 20 ಇದ್ದರೆ ಆ ಹೆದರಿಕೆ ಯಾಕೆ?

ಒಂದು ಗೃಹಪ್ರವೇಶದಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯಲ್ಲಿ ನೆಂಟರ ಹುಡುಗ, ಇಂಜಿನಿಯರಿಂಗ್ ಕೊನೆಯ ವರ್ಷ. "ಅಂಕಲ್, ಒಂದೇ ಡೌಟು. ಆಂಪ್ಲಿಫೈಯರ್ ಸ್ಪೀಡ್ ಮಾಡ್ಬೇಕು, ಪವರ್ ಜಾಸ್ತಿ ಆಗ್ಬಾರ್ದು. ಶಾರ್ಟಾಗಿ ಹೇಳಿ." ನನಗೆ ಉರಿದದ್ದು ಆ "ಶಾರ್ಟಾಗಿ"ಗೆ. ಹುಳಿ ಬಡಿಸುತ್ತಿದ್ದ ಅವನ ಅತ್ತೆ "ಮೊದ್ಲು ಊಟ ಮಾಡ್ರೋ" ಅಂದರು. ಅವನು ಕೇಳಲಿಲ್ಲ. ಫೋಟೋಡಯೋಡ್ (ಬೆಳಕು ಬಿದ್ದರೆ ಕರೆಂಟ್ ಕೊಡುವ ಡಯೋಡ್) ಸರ್ಕ್ಯೂಟ್ ಅಂತೆ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ದುಬಾರಿ ಐಸಿ ತಂದು ಹಾಕಿದ್ದಾನೆ. ಬ್ಯಾಟರಿ ಬೇಗ ಖಾಲಿಯಾಗತೊಡಗಿತು, ಮೇಲಿಂದ ಆಸಿಲೇಶನ್ ಬೇರೆ.

"ಡಯೋಡ್ ಎಲ್ಲಿದೆ?" ಅಂತ ಕೇಳಿದೆ.

"ಡಬ್ಬಿ ಹೊರಗೆ. ಒಂದು ಮೀಟರ್ ಶೀಲ್ಡೆಡ್ ಕೇಬಲ್ ಹಾಕಿದೀನಿ."

ಅಲ್ಲಿಗೆ ಮುಗಿಯಿತು. ಒಂದು ಮೀಟರ್ ಶೀಲ್ಡೆಡ್ ಕೇಬಲ್ ಅಂದರೆ ಸುಮಾರು 100 ಪಿಕೋಫ್ಯಾರಡ್. ಅಷ್ಟೂ ಆಪ್-ಆಂಪಿನ ಇನ್‌ಪುಟ್ ಮೇಲೆ ಕೂತಿದೆ. ಇಂಥ ಸರ್ಕ್ಯೂಟಿನಲ್ಲಿ ಬ್ಯಾಂಡ್‌ವಿಡ್ತ್ (ಎಷ್ಟು ಫ್ರೀಕ್ವೆನ್ಸಿಯವರೆಗೆ ಕೆಲಸ ಮಾಡುತ್ತದೆ ಅನ್ನುವುದು) ಇನ್‌ಪುಟ್ ಕೆಪಾಸಿಟೆನ್ಸಿನ ವರ್ಗಮೂಲಕ್ಕೆ ವಿಲೋಮ. ಕೇಬಲ್ ತೆಗೆದು ಡಯೋಡನ್ನು ಐಸಿ ಪಕ್ಕ ಕೂರಿಸಿ, ಒಟ್ಟು ಕೆಪಾಸಿಟೆನ್ಸ್ ಕಾಲು ಭಾಗವಾದರೆ, ಹಳೆಯ ಐಸಿಯಲ್ಲೇ ವೇಗ ಎರಡು ಪಟ್ಟು. ಡಯೋಡಿಗೆ ಸ್ವಲ್ಪ ರಿವರ್ಸ್ ಬಯಾಸ್ (ಉಲ್ಟಾ ವೋಲ್ಟೇಜ್) ಕೊಟ್ಟರೆ ಅದರ ಕೆಪಾಸಿಟೆನ್ಸೂ ಇಳಿಯುತ್ತದೆ. ಖರ್ಚು? ಕೆಲವು ನ್ಯಾನೋಆಂಪ್. "ಅಷ್ಟೇನಾ?" ಅಂದ ಹುಡುಗ. ಮುಖದಲ್ಲಿ ನಿರಾಸೆ! ಯಾವುದೋ ರಹಸ್ಯ ಐಸಿ ಹೆಸರು ಬರುತ್ತದೆ ಅಂತ ಕಾದಿದ್ದ.

ನೀವೂ ಐಸಿ ಹೆಸರು ಬಿಡಿ. "ನನ್ನ ಸರ್ಕ್ಯೂಟಿನಲ್ಲಿ ತುಂಬಲು ತಡವಾಗುತ್ತಿರುವ ಕೆಪಾಸಿಟರ್ ಯಾವುದು?" ಅಂತ ಕೇಳಿ, ಊಟ ಬಿಟ್ಟು ಬಂದು ಹೇಳುತ್ತೇನೆ. ನಲ್ಲಿ ದೊಡ್ಡದು ಮಾಡುವ ಮೊದಲು ಕೊಡ ಚಿಕ್ಕದಾಗುತ್ತಾ ನೋಡಬೇಕು, ಅಲ್ವಾ? ಕೆಲವು ಸಲ ಆ ಕೆಪಾಸಿಟರ್ ನಿಮ್ಮ ಆಸಿಲೋಸ್ಕೋಪಿನ ಪ್ರೋಬೇ ಆಗಿರುತ್ತದೆ. ಅದರ ಸ್ವಿಚ್ 1ಎಕ್ಸ್‌ನಲ್ಲಿಟ್ಟರೆ ಅದು ಒಂದೇ ಸುಮಾರು 100 ಪಿಕೋಫ್ಯಾರಡ್ ಹೇರುತ್ತದೆ. ಕಡಿಮೆ ಹೇರುವ 10ಎಕ್ಸ್‌ಗೆ ಹಾಕಿ ನೋಡಿ, ಸರ್ಕ್ಯೂಟ್ ಮೊದಲಿಂದಲೂ ಸರಿಯಾಗಿಯೇ ಇದ್ದಿರಬಹುದು. ಒಂದೇ ಟ್ರಾನ್ಸಿಸ್ಟರಿನ ಹಂತವಾದರೆ ಕಲೆಕ್ಟರ್-ಬೇಸ್ ನಡುವಿನ ಒಂದೆರಡು ಪಿಕೋಫ್ಯಾರಡ್ ಗೇನಿನಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ. ಅಮೆರಿಕದ ಇಂಜಿನಿಯರ್ ಜಾನ್ ಮಿಲ್ಲರ್ ಇದನ್ನು 1920ರಲ್ಲೇ ವಾಲ್ವುಗಳಲ್ಲಿ (ಟ್ರಾನ್ಸಿಸ್ಟರಿಗೂ ಮೊದಲಿನ ಗಾಜಿನ ಕೊಳವೆಗಳಲ್ಲಿ) ತೋರಿಸಿದ್ದರು. ಕೆಳಗಿನ ಕಲೆಕ್ಟರಿನ ವೋಲ್ಟೇಜ್ ಹೆಚ್ಚು ಅಲ್ಲಾಡದಂತೆ ಮೇಲೊಂದು ಟ್ರಾನ್ಸಿಸ್ಟರ್ ಇಟ್ಟು ಕ್ಯಾಸ್ಕೋಡ್ ಮಾಡಿ. ಎರಡರಲ್ಲೂ ಹರಿಯುವುದು ಅದೇ ಕರೆಂಟ್, ಹೋಗುವುದು ಸ್ವಲ್ಪ ವೋಲ್ಟೇಜ್ ಹೆಡ್‌ರೂಮ್ (ಸಿಗ್ನಲ್ ಏರಿಳಿಯಲು ಇರುವ ಜಾಗ) ಮಾತ್ರ.

ಒಂದೇ ಐಸಿಯಲ್ಲಿ ಎರಡು ಆಪ್-ಆಂಪ್ ಇರುವ ಎಲ್‌ಎಂ358 ಹಾಕಿ ಅರ್ಧ ಮಾತ್ರ ಬಳಸುವವರಿಗೂ ಒಂದು ಮಾತು. ಉಳಿದ ಅರ್ಧವೂ ಕರೆಂಟ್ ಎಳೆಯುತ್ತಲೇ ಇರುತ್ತದೆ, ಅದನ್ನೂ ದುಡಿಸಿಕೊಳ್ಳಿ. 1 ಮೆಗಾಹರ್ಟ್ಸ್ ಆಪ್-ಆಂಪಿನಲ್ಲಿ ಒಂದೇ ಏಟಿಗೆ 100 ಗೇನ್ ತೆಗೆದರೆ ಸಿಗುವುದು 10 ಕಿಲೋಹರ್ಟ್ಸ್. ಹತ್ತು ಹತ್ತರಂತೆ ಎರಡು ಹಂತ ಮಾಡಿದರೆ ಸುಮಾರು 64 ಕಿಲೋಹರ್ಟ್ಸ್.

ಪವರ್ ಕೊಡಲೇಬೇಕಾದ ಜಾಗವೂ ಇದೆ. ಔಟ್‌ಪುಟ್‌ನಲ್ಲಿ 1000 ಪಿಕೋಫ್ಯಾರಡ್ ಲೋಡ್ ಇದ್ದು, ಅದನ್ನು ಮೈಕ್ರೋಸೆಕೆಂಡಿಗೆ 10 ವೋಲ್ಟ್ ಎತ್ತಬೇಕಾದರೆ 10 ಮಿಲಿಆಂಪ್ ಬೇಕೇ ಬೇಕು. ಕ್ಲಾಸ್ ಎಬಿ ಔಟ್‌ಪುಟ್ ಆದರೆ ಬೇಕಾದ ಗಳಿಗೆಯಲ್ಲಿ ಮಾತ್ರ ಅಷ್ಟು ಎಳೆಯುತ್ತದೆ. ಅದಕ್ಕಿಂತ ಕಡಿಮೆಯಲ್ಲಿ ಆಗಬೇಕು ಅನ್ನುವವರು ಲೋಡ್ ಕಡಿಮೆ ಮಾಡಿ, ಇಲ್ಲವಾದರೆ ದೊಡ್ಡ ಬ್ಯಾಟರಿ ತಗೊಳ್ಳಿ.