ಮಗುವನ್ನು ಯಾರ ಕೈಗೆ ಕೊಟ್ಟೆ?

ಹಾಸನದ ವಿದ್ಯಾನಗರದಲ್ಲಿ ನಾನು ಬೇಸಿಗೆ ಶಿಬಿರ ಶುರುಮಾಡಿದಾಗ ನನಗೆ ಇಪ್ಪತ್ತೆರಡು ವರ್ಷ. ಬಿ.ಕಾಂ. ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಕೊಡಲು ಒಪ್ಪಿದರು. ಹದಿನೈದು ದಿನ, ಮಧ್ಯಾಹ್ನ ಮೂರರಿಂದ ಆರು, ಮಗುವೊಂದಕ್ಕೆ 1,200 ರೂಪಾಯಿ. ಹದಿನೆಂಟು ಮಕ್ಕಳು ಸೇರಿದರು. ಜೇಡಿಮಣ್ಣಿನ ಗೊಂಬೆ, ಅಳಿಗುಳಿಮಣೆ, ಚೌಕಾಬಾರ, ಲಗೋರಿ, ಕಥೆ ಎಂದು ದಿನದಿನದ ಕೆಲಸವನ್ನು ಎರಡು ತಿಂಗಳ ಮುಂಚೆಯೇ ಬರೆದಿಟ್ಟಿದ್ದೆ. ಹಾಜರಿಗೆಂದು ಒಂದು ನೂರು ಪುಟದ ನೋಟ್‌ಬುಕ್ ಇತ್ತು. ಬಂದವರ ಹೆಸರಿನ ಮುಂದೆ ಒಂದು ಗೀಟು ಎಳೆಯುತ್ತಿದ್ದೆ, ಅಷ್ಟೇ.

ಏಪ್ರಿಲ್, ಮೇ ತಿಂಗಳ ನಮ್ಮ ಕಡೆಯ ಮಳೆ ಹಾಸನದವರಿಗೆಲ್ಲ ಗೊತ್ತು. ಬೆಳಗ್ಗೆ ಚುರುಗುಟ್ಟುವ ಬಿಸಿಲು, ಮೂರರ ಮೇಲೆ ಮೋಡ ಕಟ್ಟಿ ಗುಡುಗು, ಸಿಡಿಲು, ಕೆಲವು ದಿನ ಆಲಿಕಲ್ಲು. ಶಿಬಿರದ ಒಂಬತ್ತನೆಯ ದಿನ ನಾಲ್ಕೂವರೆಗೆ ಗಾಳಿ ಎದ್ದಿತು, ಕರೆಂಟು ಹೋಯಿತು. ಮಹಡಿಯ ಕೋಣೆ ಕತ್ತಲಾಯಿತು. ಚಿಕ್ಕವರು ಅಳತೊಡಗಿದರು. ಅಷ್ಟರಲ್ಲಿ ಕೊಡೆ ಹಿಡಿದ ಅಪ್ಪ, ಅಮ್ಮ, ಅಜ್ಜಿ, ಪಕ್ಕದ ಮನೆಯವರೆಲ್ಲ ಒಟ್ಟಿಗೇ ಮೆಟ್ಟಿಲು ಹತ್ತಿದರು. ಯಾರದೋ ಚಪ್ಪಲಿ, ಯಾರದೋ ಚೀಲ. ಒಬ್ಬೊಬ್ಬರಾಗಿ ಮಕ್ಕಳು ಇಳಿದು ಹೋದರು.

ಐದೂಕಾಲಕ್ಕೆ ಎಂಟು ವರ್ಷದ ಒಬ್ಬ ಹುಡುಗನ ತಾಯಿ ಕಚೇರಿಯಿಂದ ನೆನೆದುಕೊಂಡೇ ಬಂದರು. "ಮಗ ಎಲ್ಲಿ?" ಎಂದರು. ನಾನು ನೋಟ್‌ಬುಕ್ ತೆರೆದೆ. ಅವನು ಬಂದಿದ್ದ ಎಂದು ಗೀಟು ಹೇಳುತ್ತಿತ್ತು. ಹೋದನೇ, ಯಾವಾಗ ಹೋದ, ಯಾರ ಜೊತೆ ಹೋದ ಎಂದು ಹೇಳಲು ಆ ಪುಟದಲ್ಲಿ ಜಾಗವೇ ಇರಲಿಲ್ಲ. ತಾರಸಿ, ನೀರಿನ ಸಂಪಿನ ಪಕ್ಕ, ಹಿತ್ತಲು, ಕೆನ್ನೀರು ತುಂಬಿ ಹರಿಯುತ್ತಿದ್ದ ಬೀದಿಯ ಚರಂಡಿ ಎಲ್ಲವನ್ನೂ ನೋಡಿದೆವು. ಆ ಚರಂಡಿಯ ಅಂಚಿನಲ್ಲಿ ನಿಂತಿದ್ದ ಹೊತ್ತನ್ನು ನೆನೆದರೆ ಇವತ್ತಿಗೂ ಕೈ ತಣ್ಣಗಾಗುತ್ತದೆ. ಇಪ್ಪತ್ತೈದು ನಿಮಿಷದ ಮೇಲೆ ಅವನು ಸಿಕ್ಕಿದ್ದು ಹಿಂದಿನ ಬೀದಿಯ ಗೆಳೆಯನ ಮನೆಯಲ್ಲಿ. ಒಣ ಅಂಗಿ ತೊಟ್ಟು ಮಂಡಕ್ಕಿ ತಿನ್ನುತ್ತಿದ್ದ. ಗೆಳೆಯನ ಅಜ್ಜಿ ಇಬ್ಬರನ್ನೂ ಒಂದೇ ಕೊಡೆಯಲ್ಲಿ ಕರೆದೊಯ್ದಿದ್ದರು. "ಇವನನ್ನೂ ಕರೆದುಕೊಂಡು ಹೋಗಲೇನಮ್ಮ?" ಎಂದು ನನ್ನನ್ನು ಕೇಳಿಯೇ ಹೋಗಿದ್ದರು. ಆ ಗಲಾಟೆಯಲ್ಲಿ ನಾನು ತಲೆಯಾಡಿಸಿದ್ದೆನಂತೆ.

ಆ ತಾಯಿ ಕೂಗಾಡಲಿಲ್ಲ. "ನಾನು ಇವನನ್ನು ಬಿಟ್ಟು ಹೋಗಿದ್ದು ನಿಮ್ಮ ಹತ್ತಿರ" ಎಂದಷ್ಟೇ ಹೇಳಿದರು. ಮರುದಿನ ಇಬ್ಬರು ಮಕ್ಕಳು ಬರಲಿಲ್ಲ, ಸುದ್ದಿ ಬೀದಿ ತುಂಬ ಹಬ್ಬಿತ್ತು. ಆದರೆ ಆ ಹುಡುಗ ಬಂದ. ತಾಯಿಯೂ ಜೊತೆಯಲ್ಲೇ ಬಂದು, ಇನ್ನು ಮುಂದೆ ಏನು ಮಾಡುತ್ತೀರಿ ಎಂದು ಕೇಳಿ ನಿಂತರು. ನನ್ನ ಕೆಲಸ ಏನೆಂದು ನನಗೆ ಸರಿಯಾಗಿ ತಿಳಿದದ್ದು ಆ ಬಾಗಿಲಲ್ಲಿ. ಗೊಂಬೆ ಮಾಡುವುದನ್ನು ಯಾರಾದರೂ ಕಲಿಸಿಯಾರು. ಈ ತಾಯಂದಿರು 1,200 ರೂಪಾಯಿ ಕೊಡುತ್ತಿದ್ದುದು ಮೂರು ಗಂಟೆ ಮಗುವಿನ ಹೊಣೆಯನ್ನು ಪೂರ್ತಿಯಾಗಿ ಹೊರುವುದಕ್ಕೆ.

ಅಂದೇ ರಾತ್ರಿ ಉದ್ದ ಪುಸ್ತಕವೊಂದನ್ನು ತಂದು ಗೆರೆ ಹಾಕಿದೆ. ಬಂದ ಸಮಯ, ಹೋದ ಸಮಯ, ಕರೆದೊಯ್ದವರ ಹೆಸರು, ಸಹಿ. ಪ್ರತಿ ಮಗುವಿನ ಹೆಸರಿನ ಕೆಳಗೆ ಕರೆದೊಯ್ಯಬಹುದಾದ ಇಬ್ಬರ ಹೆಸರನ್ನು ಮನೆಯವರೇ ಬರೆದುಕೊಡಬೇಕು. ಮೂರನೆಯವರು ಬಂದರೆ ನಾನು ತಾಯಿಗೋ ತಂದೆಗೋ ಫೋನು ಮಾಡಿ ಕೇಳಬೇಕು. ಬರೆಯುವುದು ಸುಲಭ, ಪಾಲಿಸುವುದು ಕಷ್ಟ. ನಮ್ಮದು ಎಲ್ಲರಿಗೂ ಎಲ್ಲರ ಪರಿಚಯವಿರುವ ಬೀದಿ. ಸಹಿ ಕೇಳಿದರೆ ಅನುಮಾನಪಟ್ಟಂತೆ ಕಾಣುತ್ತದೆ. "ನಾನು ಇವಳ ಸೋದರಮಾವ, ನಿನ್ನನ್ನು ಚಿಕ್ಕಂದಿನಿಂದ ನೋಡಿದ್ದೇನೆ, ನನ್ನನ್ನು ನಿಲ್ಲಿಸುತ್ತೀಯಾ?" ಎಂದು ಒಬ್ಬರು ಮುಖ ಕೆಂಪು ಮಾಡಿದರು. ಕುರ್ಚಿ ಕೊಟ್ಟು, ನೀರು ಕೊಟ್ಟು, ಅವರ ಅಕ್ಕನಿಗೆ ಫೋನು ಸಿಗುವವರೆಗೆ ಹತ್ತು ನಿಮಿಷ ಕೂರಿಸಿದೆ. ಒಬ್ಬರಿಗೆ ಸಡಿಲ ಬಿಟ್ಟರೆ ಪುಸ್ತಕಕ್ಕೆ ಬೆಲೆಯೇ ಇರುವುದಿಲ್ಲ.

ಎರಡನೆಯ ವರ್ಷ ಶಿಬಿರವನ್ನು ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆಗೆ ಬದಲಾಯಿಸಿದೆ. ಆದರೂ ಮಳೆ ಬಂದರೆ ಮಕ್ಕಳಿಗೇ ಎಣಿಸಲು ಕಲಿಸಿದ್ದೇನೆ. ಮಿಂಚು ಕಂಡ ಮೇಲೆ ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು ಹತ್ತು ಕಿಲೋಮೀಟರ್ ಒಳಗಿದೆ, ಎಲ್ಲರೂ ಒಳಗೆ. ಕೊನೆಯ ಗುಡುಗಿನ ನಂತರ ಮೂವತ್ತು ನಿಮಿಷ ಯಾರೂ ಹೊರಗೆ ಕಾಲಿಡುವಂತಿಲ್ಲ, ಕರೆದೊಯ್ಯಲು ಬಂದವರೂ ನಮ್ಮೊಡನೆ ಕೂರಬೇಕು. ಹತ್ತಿರದ ಸಿಡಿಲಿನ ಬಗ್ಗೆ ಎಚ್ಚರಿಸುವ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ 'ದಾಮಿನಿ' ಆ್ಯಪ್ ಮೊಬೈಲಿನಲ್ಲಿದೆ. ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ಎಂದು ದೊಡ್ಡದಾಗಿ ಬರೆದಿದೆ. ನನ್ನ ಜೊತೆ ಇನ್ನೊಬ್ಬರು ದೊಡ್ಡವರು ಇಲ್ಲದ ದಿನ ಶಿಬಿರ ಇಲ್ಲ.

ದುಡ್ಡಿನ ಮಾತನ್ನೂ ಹೇಳಿಬಿಡುತ್ತೇನೆ. ಮೊದಲ ವರ್ಷ ಬಂದದ್ದು 21,600 ರೂಪಾಯಿ, ಖರ್ಚು 16,200. ಅದರ ಮೇಲೆ ನಾಲ್ವರು ಮಕ್ಕಳು ನಡುವೆಯೇ ಊರ ಜಾತ್ರೆಗೆಂದು ಅಜ್ಜಿಯ ಮನೆಗೆ ಹೋದರು, ಅವರಿಗೆ ಅರ್ಧರ್ಧ ಹಿಂತಿರುಗಿಸಿದೆ. ಕೈಯಲ್ಲಿ ಉಳಿದದ್ದು 3,000. ಬೇಸಿಗೆ ರಜೆ ಎಂದರೆ ಅಜ್ಜಿಯ ಮನೆ. ಅದರೊಡನೆ ಪೈಪೋಟಿ ಮಾಡಬಾರದು, ಮಾಡುವ ಮನಸ್ಸೂ ನನಗಿಲ್ಲ. ಈಗ ಸೋಮವಾರದಿಂದ ಶನಿವಾರದವರೆಗೆ ಒಂದು ವಾರದ ಲೆಕ್ಕ, ವಾರಕ್ಕೆ 600 ರೂಪಾಯಿ, ಮುಂಗಡ. ಬೇಕಾದ ವಾರ ಸೇರಬಹುದು.

ಇಷ್ಟೆಲ್ಲ ಕಟ್ಟುನಿಟ್ಟಿನಿಂದ ಮಕ್ಕಳ ಖುಷಿ ಕಡಿಮೆಯಾಗಲಿಲ್ಲ. ಬಾಗಿಲ ಚಿಂತೆ ಕಳೆದ ಮೇಲೆ ನಾನೇ ಹೆಚ್ಚು ಆಡತೊಡಗಿದೆ. ಕಳೆದ ವರ್ಷ ಬೇಲೂರು ರಸ್ತೆಯ ದೊಡ್ಡಗದ್ದವಳ್ಳಿಗೆ ಹೋಗಿ ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ದೇವಸ್ಥಾನ ನೋಡಿ ಬಂದೆವು. ಹೊಯ್ಸಳರ ಶಿಲ್ಪಿಗಳು ಕೆತ್ತಿದ್ದು ಬಳಪದ ಕಲ್ಲಿನಲ್ಲಿ ಎಂದಾಗ "ಸ್ಲೇಟಿನ ಬಳಪವೇ?" ಎಂದು ಒಬ್ಬಳು ಕಣ್ಣರಳಿಸಿದಳು. ಮರುದಿನ ಬಟ್ಟೆ ಸೋಪಿನ ತುಂಡು, ಐಸ್‌ಕ್ರೀಮ್ ಕಡ್ಡಿ ಕೊಟ್ಟು ಕೂರಿಸಿದೆ. ಆನೆಯ ಸೊಂಡಿಲು ಮುರಿಯದಂತೆ ಕೆತ್ತಲು ಆರು ವರ್ಷದವರೂ ಒಂದು ಗಂಟೆ ಉಸಿರು ಬಿಗಿಹಿಡಿದು ಕುಳಿತಿದ್ದರು.

ಈ ವರ್ಷ ಐವರು ಆಟೊದಲ್ಲಿ ಬರುವವರಿದ್ದಾರೆ. ಚಾಲಕರ ಹೆಸರು, ಫೋನು, ಗಾಡಿಯ ಸಂಖ್ಯೆ ಪುಸ್ತಕದಲ್ಲಿ ಬರೆದಾಗಿದೆ. ಆದರೆ ಒಬ್ಬರಿಗೆ ಜ್ವರ ಬಂದರೆ ಅವರ ತಮ್ಮನೋ ಸ್ನೇಹಿತನೋ ಗಾಡಿ ತರುತ್ತಾರೆ. ಆಗ ಮನೆಯವರ ಫೋನು ಸಿಗದಿದ್ದರೆ ಏನು ಮಾಡುವುದು? ಸದ್ಯಕ್ಕೆ ಆ ದಿನ ನಾನೇ ಮಕ್ಕಳೊಡನೆ ಆಟೊ ಹತ್ತಿ, ಒಬ್ಬೊಬ್ಬರನ್ನೂ ಮನೆ ಸೇರಿಸಿ, ಬಾಗಿಲಲ್ಲಿ ಸಹಿ ಹಾಕಿಸಿಕೊಂಡು ಬರುವುದೆಂದು ಇಟ್ಟುಕೊಂಡಿದ್ದೇನೆ.